ನಾನೇ ಕಿತ್ತು ಹಾಕಿದ ಸ್ಕ್ರಾಲ್‌ಬಾರ್

ವೆಬ್ ಪೇಜ್ ಮಾಡುವವನ ಬಾಳಿನಲ್ಲಿ ಎರಡು ದಿನಕ್ಕೊಂದು ತಮಾಷೆ ಆಗೇ ಆಗುತ್ತದೆ. ಕೂಡಿ ನಗುವುದಕ್ಕೆ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅಷ್ಟೇ ತೊಂದರೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ.

ಮೊದಲು ನನ್ನ ಸುದ್ದಿ. ನಾನು ಮಹಾರಾಷ್ಟ್ರದ ಮ್ಹೈಸಾಳದವ. ಕೃಷ್ಣೆಯ ದಂಡೆ, ಸುತ್ತ ಕಬ್ಬು, ಸ್ವಲ್ಪ ಆಚೆ ಹೋದರೆ ಕರ್ನಾಟಕ. ನಮ್ಮೂರಿನಲ್ಲಿ ಕಬ್ಬಿನ ಟ್ರಾಲಿಯನ್ನು ರಿವರ್ಸ್ ಹಾಕುವವರು ಬೇಕಾದಷ್ಟು ಮಂದಿ ಇದ್ದಾರೆ. ವೆಬ್ ಪೇಜ್ ಮಾಡುವವನು ನಾನೊಬ್ಬನೇ. ಎರಡೂ ಬರುವವನೂ ನಾನೊಬ್ಬನೇ. ಈಗ ಸಾಂಗ್ಲಿಯ ವಿಶ್ರಾಮಬಾಗದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಸಾಂಗ್ಲಿ-ಮಿರಜದ ದುಕಾನು, ದವಾಖಾನೆಗಳಿಗೆ ಪೇಜ್ ಮಾಡಿಕೊಡುತ್ತೇನೆ. ಎಂಥ ಕೆಟ್ಟ ಪೇಜ್ ತಂದರೂ ಐದು ಮಿನಿಟಿನಲ್ಲಿ ಸರಿ ಮಾಡುತ್ತೇನೆ. ಇದು ಜಂಬ ಅಲ್ಲ, ಮಾಹಿತಿ.

ಪೇಜ್ ಅಂದರೆ ಪೆಟ್ಟಿಗೆಗಳ ಜೋಡಣೆ. ಪೆಟ್ಟಿಗೆ ಸಣ್ಣದು, ಗಿರಾಕಿ ತುಂಬುವ ಮಾಲು ದೊಡ್ಡದು. ಟ್ರಾಲಿಯಿಂದ ಕಬ್ಬು ಹೊರಗೆ ಚಾಚಿದ ಹಾಗೆ ಅಕ್ಷರ, ಫೋಟೋ ಎಲ್ಲ ಹೊರಗೆ ಚಾಚುತ್ತವೆ. ಚಾಚಿದ್ದನ್ನು ಹಾಗೇ ಬಿಡಬಹುದು. ಕತ್ತರಿಸಿ ಮರೆ ಮಾಡಬಹುದು. ಇಲ್ಲವೇ ಪೆಟ್ಟಿಗೆಯ ಬದಿಗೆ ಸ್ಕ್ರಾಲ್‌ಬಾರ್ ಅಂತ ಒಂದು ಸಣ್ಣ ಪಟ್ಟಿ ಕೊಟ್ಟು, ಹಿಡಿದು ಎಳೆದು ನೋಡಿರಪ್ಪಾ ಅನ್ನಬಹುದು. ಆ ಪಟ್ಟಿ ಕಂಡರೆ ನನಗೆ ಆಗುವುದಿಲ್ಲ. ಇಸ್ತ್ರಿ ಮಾಡಿದ ಪೈಜಾಮದಿಂದ ಲಾಡಿ ಹೊರಗೆ ಇಳಿಬಿದ್ದಂತೆ ಕಾಣುತ್ತದೆ. ನನ್ನ ಪೇಜುಗಳಲ್ಲಿ ಬೆರಳಿಟ್ಟು ಎಳೆದರೆ ಒಳಗಿನದು ಸರಿಯುತ್ತದೆ, ಪಟ್ಟಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇಡೀ ಜಿಲ್ಲೆಯಲ್ಲಿ ಇಷ್ಟು ಸಾಫ್ ಕೆಲಸ ಇನ್ನೊಬ್ಬ ಮಾಡಲಿ, ನೋಡೋಣ.

ಈ ಸಲ ನಮ್ಮ ಜೈನ ಸಮಾಜದ ವಧು-ವರರ ಪೇಜ್ ಮಾಡುವ ಕೆಲಸವನ್ನು ಕಾಕಾ ನನಗೆ ಕೊಡಿಸಿದರು. ಎಡಕ್ಕೆ ಹುಡುಗರು, ಬಲಕ್ಕೆ ಹುಡುಗಿಯರು, ತಲೆಗೊಂದು ಪೆಟ್ಟಿಗೆ, ಎಲ್ಲ ಒಂದೇ ಅಳತೆಯವು. ನನ್ನದನ್ನೂ ಹಾಕಿದೆ. ಉಳಿದ ಹುಡುಗರು ಓದು, ನೌಕರಿ, ಫೋನ್ ನಂಬರ್ ಅಂತ ನಾಲ್ಕು ಸಾಲಿಗೆ ಮುಗಿಸಿದ್ದರು. ನನ್ನಂಥವನನ್ನು ನಾಲ್ಕು ಸಾಲಿಗೆ ಮುಗಿಸಲು ಆಗುತ್ತದೆಯೇ? ಮಹಾಪೂರದಲ್ಲಿ ಕೃಷ್ಣೆ ಈಜಿದ್ದು, ಕಬಡ್ಡಿ, ಟ್ರಾಲಿ, ಐದು ಮಿನಿಟಿನ ವಿಷಯ, ಎಲ್ಲ ಬರೆದೆ. ಕೊನೆಗೆ ಯಾಕೋ ಮನಸ್ಸಾಗಿ ಒಂದು ಸಣ್ಣ ಸಾಲು ಬರೆದೆ, ಅದರ ಕೆಳಗೆ ನಂಬರ್. ಪೇಜ್ ಚಾಲೂ ಆದ ದಿನ ಕಟಿಂಗ್ ಮಾಡಿಸಿಕೊಂಡು ಬಂದು ಫೋನಿನ ಮುಂದೆ ಕೂತೆ.

ಮೂರು ಚುಕ್ಕಿ

ಫೋನ್ ಬಂತು. ಎದ್ದು ನಿಂತು, ಗಂಟಲು ಸರಿ ಮಾಡಿಕೊಂಡು, ಸಂಭಾವಿತ ಹುಡುಗರು ಅನ್ನುವ ಹಾಗೆ ಮೆತ್ತಗೆ "ಹಲೋ" ಅಂದೆ.

"ಆ ಮೂರು ಚುಕ್ಕಿ ಎದಕ್ಕ ಇಟ್ಟಿಯೋ?"

ಮಿರಜದ ಎಲುಬಿನ ಡಾಕ್ಟರು. ಅವರ ಕನ್ನಡ ಪೇಶಂಟುಗಳಿಂದ ಕಲಿತದ್ದು, ಹಾಗಾಗಿ ಯಾವಾಗಲೂ ನೋವಿನಲ್ಲೇ ಮಾತಾಡುತ್ತಾರೆ. ಹೋದೆ. ಅವರ ಹೆಸರಿನ ಮುಂದೆ ಇರುವ ಡಿಗ್ರಿಗಳನ್ನು ಬರೆಯುತ್ತ ಹೋದರೆ ಮೊಬೈಲಿನ ಪರದೆಯಿಂದ ಹೊರಗೆ ಬಿದ್ದು ರಸ್ತೆಗೆ ಬರುತ್ತವೆ. ನಾನು ಮೊದಲಿನ ಒಂದು ಡಿಗ್ರಿ ಉಳಿಸಿ, ಬಾಕಿಯದನ್ನು ಮರೆ ಮಾಡಿ, ಅಲ್ಲಿ ಮೂರು ಚುಕ್ಕಿ ಬರುವಂತೆ ಮಾಡಿದ್ದೆ.

"ಸಾಹೇಬ್ರ, ಮುಂದ ಇನ್ನೂ ಐತಿ ಅಂತ ಅದರರ್ಥ. ಜಗತ್ತಿನ್ಯಾಗೆಲ್ಲಾ ಹಿಂಗ ಮಾಡ್ತಾರ."

"ಜಗತ್ತಿಗೆ ಗೊತ್ತೈತಿ, ನನ್ನ ಪೇಶಂಟಿಗೆ ಗೊತ್ತಿಲ್ಲ. ಮುಂಜಾನೆ ಒಬ್ಬಾಕಿ ಆಜಿ ಬಂದಿದ್ದಳು. ಮೊಮ್ಮಗ ಪೇಜ್ ತೋರಿಸ್ಯಾನ. ಕಾಲು ಮುಂದ ಮಾಡು ಅಂದ್ರ ಸೀರಿ ಎಳಕೊಂಡು ಕಾಲು ಒಳಗ ತಗೊಂಡಳು!"

"ಯಾಕ್ರಿ?"

ಡಾಕ್ಟರು ಆಜಿಯ ದನಿಯಲ್ಲೇ ಹೇಳಿದರು: "ನೀವು ಇನ್ನೂ ಕಲಿಯಾಕ ಹತ್ತೀರಂತ ಸಾಹೇಬ್ರ. ನನ್ನ ಕಾಲಿನ ಮ್ಯಾಲ ಕಲಿಯೂದು ಬ್ಯಾಡ. ಪೂರಾ ಕಲತ ಮ್ಯಾಲ ಹೇಳಿ ಕಳಸ್ರಿ, ಬರತೇನಿ."

ಅಡ್ಡಬಿದ್ದ ತಂಬೂರಿ

ಮಿರಜದಲ್ಲೇ ಒಬ್ಬ ಚಾಚಾ ತಂಬೂರಿ ಮಾಡುತ್ತಾರೆ. ಅವರ ಪೇಜಿನಲ್ಲಿ ಒಂದೇ ಫೋಟೋ: ಆಳೆತ್ತರದ ತಂಬೂರಿ, ನೆಟ್ಟಗೆ ನಿಂತದ್ದು. ಮೊಬೈಲಿನ ಪೆಟ್ಟಿಗೆ ಗಿಡ್ಡ, ತಂಬೂರಿ ಉದ್ದ. ನಾನು ಹೊರಗೆ ಚಾಚಿದ್ದನ್ನು ಮರೆ ಮಾಡಿದೆ. ಚಾಚಾ ಕನ್ನಡಕ ಏರಿಸಿ ನೋಡಿದರು.

"ಬೇಟಾ, ಗರ್ದನ್ ಕಿಧರ್?"

ಕುತ್ತಿಗೆ ಎಲ್ಲಿ ಅಂತ. "ಒಳಗ ಐತಿ ಚಾಚಾ. ಬೆರಳಿಟ್ಟು ಎಳೀರಿ, ಬರತೈತಿ."

ಎಳೆದರು. ಕುತ್ತಿಗೆ ಬಂತು, ಬುರುಡೆ ಹೋಯಿತು. ಬುರುಡೆ ತಂದರು, ಕುತ್ತಿಗೆ ಹೋಯಿತು. ತಂಬೂರಿ ಅಂದರೆ ಬುಡದಿಂದ ತುದಿಯವರೆಗೆ ಒಂದೇ ಉಸಿರಿಗೆ ಕಾಣಬೇಕು, ನೀನು ನನ್ನ ಮಗಳಂಥ ತಂಬೂರಿಯನ್ನು ಕಿಡಕಿಯಿಂದ ತುಂಡು ತುಂಡು ತೋರಿಸುತ್ತಿದ್ದೀ ಅಂದರು. ಇದು ಐದು ಮಿನಿಟಿನ ಕೆಲಸ ಅಂತ ಫೋಟೋವನ್ನು ಅಡ್ಡ ಮಲಗಿಸಿದೆ. ಪೂರಾ ಕಂಡಿತು. ಆದರೆ ಚಾಚಾಗೆ ಅದು ನಿಲ್ಲಬೇಕು. ಮೊಬೈಲನ್ನು ಅಡ್ಡ ತಿರುಗಿಸಿದರು. ಪೇಜ್ ಕೂಡ ತಿರುಗಿತು, ತಂಬೂರಿ ಮಲಗಿಯೇ ಇತ್ತು. ಮತ್ತೆ ತಿರುಗಿಸಿದರು, ಅದೂ ಮತ್ತೆ ತಿರುಗಿತು. ಕೊನೆಗೆ ಚಾಚಾ ಮೊಬೈಲನ್ನು ಗೋಡೆಗೆ ಆನಿಸಿ, ಕಟ್ಟಿಗೆಯ ಪುಡಿ ಝಾಡಿಸಿ, ಚಾಪೆಯ ಮೇಲೆ ತಾವೇ ಮಗ್ಗುಲಾಗಿ ಮಲಗಿದರು.

"ಹ್ಞಾ," ಅಂದರು, ಮಲಗಿದಲ್ಲೇ. "ಅಬ್ ಖಡಾ ಹುವಾ. ಈಗ ನಿಂತಿತು ನೋಡು. ಪೇಜಿನ ಮೇಲೆ ಬರೆದುಬಿಡು: ನೋಡುವವರು ಮಲಗಿಕೊಂಡು ನೋಡಬೇಕು."

ಸಂಜೆಯ ತಾಟು

ನಾವು ಜೈನರು, ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಊರಿನಲ್ಲಿ ಅದೊಂದು ಗದ್ದಲ: ಅವ್ವ, ಕಾಕಾ, ತಮ್ಮಂದಿರು, ಎಲ್ಲರೂ ಸೂರ್ಯನ ಜೊತೆ ಜಿದ್ದಿಗೆ ಬಿದ್ದವರಂತೆ ಉಣ್ಣುತ್ತಾರೆ. ವಿಶ್ರಾಮಬಾಗದ ಖಾನಾವಳಿಯಲ್ಲಿ ಮಂದಿ ಬರುವುದು ದೀಪ ಹಚ್ಚಿದ ಮೇಲೆ. ಹಾಗಾಗಿ ಖಾನಾವಳಿ ನಡೆಸುವ ಮಾವಶಿ ನನಗೊಬ್ಬನಿಗೇ ಬೇಗ ತಾಟು ಹಾಕುತ್ತಾಳೆ. ಇಡೀ ಹಾಲಿನಲ್ಲಿ ಕುರ್ಚಿಗಳು ಟೇಬಲ್ಲಿನ ಮೇಲೆ ತಲೆಕೆಳಗಾಗಿ ಕೂತಿರುತ್ತವೆ, ನಾನು ನೆಟ್ಟಗೆ ಕೂತಿರುತ್ತೇನೆ.

ಆ ದಿನ ಉಣ್ಣುತ್ತ ಉಣ್ಣುತ್ತ ನಡುನಡುವೆ ಫೋನ್ ಹೊರಳಿಸಿ ನೋಡುತ್ತಿದ್ದೆ. ಮಾವಶಿ ಒಲೆಯ ಹತ್ತಿರದಿಂದ ಮರಾಠಿಯಲ್ಲಿ ಕೇಳಿದಳು: "ಕಾಯ್ ರೇ, ಯಾರ ಫೋನಿನ ದಾರಿ ಕಾಯತೀ?"

"ಭಾಳ ಮಂದಿ ಮಾಡ್ತಾರ ಮಾವಶಿ. ಎತ್ತಿ ಎತ್ತಿ ಸಾಕಾಗೇತಿ," ಅಂದೆ.

ಅಷ್ಟರಲ್ಲಿ ಫೋನ್ ರಿಂಗಾಯಿತು! ಎಡಗೈ, ಬಲಗೈ, ಆಮಟಿ ಸಾರಿನ ವಾಟಗಿ, ಎಲ್ಲ ಒಂದಾದವು. ವಾಟಗಿ ಅಂಗಿಯ ಮೇಲೆ ಮಗುಚಿತು. ಒರೆಸಿಕೊಳ್ಳದೆ, ಎದ್ದು ನಿಂತು, ಆ ಮೆತ್ತಗಿನ ದನಿ ತೆಗೆದು "ಹಲೋ" ಅಂದೆ.

"ಇನ್ನೊಂದು ಭಾಕರಿ ಹವೀ ಕಾ, ರೊಟ್ಟಿ ಬೇಕೇನು?" ಅಂತ ಫೋನಿನಲ್ಲಿಯೂ ಕೇಳಿಸಿತು, ಒಲೆಯ ಕಡೆಯಿಂದಲೂ ಕೇಳಿಸಿತು.

ಅರಿಶಿಣದ ಸಾವಕಾರರು

ಸಾಂಗ್ಲಿಯ ಪೇಠಿನಲ್ಲಿ ಅರಿಶಿಣ ಮಾರುವ ಸಾವಕಾರರೊಬ್ಬರು ಇದ್ದಾರೆ. ಹಣೆ ತುಂಬ ವಿಭೂತಿ, ಮನೆಮಾತು ಕನ್ನಡ, ಗಿರಾಕಿಯ ಜೊತೆ ಮರಾಠಿ. ನನ್ನ ಮೇಲೆ ಸಿಟ್ಟಿದ್ದರೆ ಎರಡೂ. ಪೇಜ್ ತೋರಿಸಿದೆ. ಬೆರಳಿನಿಂದ ಎಳೆದವರೇ ಗಾಬರಿ ಬಿದ್ದರು.

"ತಮ್ಮಾ, ನಮ್ಮ ಬೋರ್ಡು ಎಲ್ಲಿ ಹೋತು?"

"ಕೆಳಗಿಂದು ನೋಡಾಕ ಎಳದ್ರ ಮ್ಯಾಲಿಂದು ಸರೀತೈತ್ರಿ ಸಾವಕಾರ್ರ."

"ಹಂಗಂದ್ರ ಹೆಂಗ? ಪೇಠಿನ್ಯಾಗ ಗಿರಾಕಿ ಒಳಗ ಕಾಲಿಟ್ಟ ಕೂಡಲೇ ಬೋರ್ಡು ಹಾರಿಹೋಗತೈತೇನು?"

ಅವರ ಮಾತಿಗೂ ಅರ್ಥ ಇತ್ತು. ಬೋರ್ಡು ಮೇಲ್ಗಡೆ ಅಂಟಿಕೊಂಡೇ ಇರುವಂತೆ ಮಾಡಿದೆ, ಏನೇ ಎಳೆದರೂ ಅಲುಗಾಡದಂತೆ. ಸಾವಕಾರರಿಗೆ ಬಹಳ ಸೇರಿತು. ಮರುದಿನ ಕರೆಸಿ, ದುಕಾನು ಚಾಲೂ ಮಾಡಿದ ಅಜ್ಜನ ಫೋಟೋ ಸರಿದು ಹೋಗಬಾರದು ಅಂದರು. ಅಂಟಿಸಿದೆ. ಅಜ್ಜನನ್ನು ಅಂಟಿಸಿ ದೇವರನ್ನು ಜಾರಲು ಬಿಡುತ್ತೀಯಾ ಅಂದರು. ಅಂಟಿಸಿದೆ. ಗುರುಗಳ ಫೋಟೋ, ತೋರಣ, ಕೆಳಗಡೆ ನಂದಿ. ಅಂಟಿಸಿದೆ, ಅಂಟಿಸಿದೆ, ಅಂಟಿಸಿದೆ. ಕೊನೆಗೆ ಪರದೆಯ ನಡುವೆ ಪತ್ರ ಹಾಕುವ ಡಬ್ಬಿಯ ಬಾಯಿಯಷ್ಟು ಸಂದಿ ಉಳಿಯಿತು. ಅದರಲ್ಲಿ ಅರಿಶಿಣ ಒಂದೊಂದೇ ಕೊಂಬಾಗಿ ಸರಿದು ಹೋಗುತ್ತಿತ್ತು.

ನಾನು ಅಲ್ಲಿ ಕೂತಿರುವಾಗಲೇ ಅವರಿಗೆ ಪೇಜ್ ನೋಡಿದವರ ಮೊದಲ ಫೋನ್ ಬಂತು. ಸುಳ್ಳು ಯಾಕೆ, ಹೊಟ್ಟೆ ಉರಿಯಿತು. ನಂದಿಗೂ ಫೋನ್ ಬರುತ್ತದೆ, ನನಗಿಲ್ಲ. ಸಾವಕಾರರು ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಚ್ಚಿದರು.

"ನಮಸ್ಕಾರ್ರಿ," ಅಂದ ಆ ಕಡೆಯವ, ಬಲು ಭಕ್ತಿಯಿಂದ. "ನಿಮ್ಮ ಮಠದಾಗ ಪ್ರಸಾದ ಎಷ್ಟ ಗಂಟೇಕ್ರಿ?"

ಕಾಕಾ ಬಂದದ್ದು

ಇಷ್ಟಾದರೂ ನನ್ನ ಪೆಟ್ಟಿಗೆ ನೋಡಿದವರ ಫೋನ್ ಮಾತ್ರ ಒಂದೂ ಬರಲಿಲ್ಲ. ಹುಡುಗಿಯರ ಮನೆಯವರು ಹೆದರಿರಬೇಕು ಅಂದುಕೊಂಡೆ. ಇಷ್ಟು ದೊಡ್ಡ ಹುಡುಗನನ್ನು ಏಕಾಏಕಿ ಹೇಗೆ ಕೇಳುವುದು ಅಂತ. ಒಂದು ದಿನ ನನ್ನ ಫೋನೇ ಕೆಟ್ಟಿರಬಹುದೆಂದು ಅವ್ವನಿಗೆ ಹೇಳಿ ಫೋನ್ ಮಾಡಿಸಿಕೊಂಡೆ. ಕೆಟ್ಟಿರಲಿಲ್ಲ. ಅವ್ವ "ಉಂಡೇನು?" ಅಂದಳು, "ಯಾರ ಜೋಡಿ ಉಂಡಿ?" ಅಂದಳು. ಮಂದಿ ಬಹಳ ಇತ್ತು ಅಂದೆ.

ಆ ವಾರ ಕಾಕಾ ಅವ್ವನ ಕೈಯ ಕಡಕ ಭಾಕರಿ ಗಂಟು ಹಿಡಿದುಕೊಂಡು ಖೋಲಿಗೆ ಬಂದರು. ಕುರ್ಚಿಯಲ್ಲಿ ಕೂತು, ಲ್ಯಾಪ್‌ಟಾಪಿನಲ್ಲಿ ವಧು-ವರರ ಪೇಜ್ ತೆಗೆಸಿ, ನನ್ನ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರು.

"ನದಿ ಈಜಿದ್ದು ಐತಿ. ಕಬಡ್ಡಿ ಐತಿ. ಟ್ರಾಲಿ ಐತಿ. ನಂಬರ ಎಲ್ಲೈತೋ?"

"ಕೆಳಗ ಐತಿ ಕಾಕಾ. ಎಳೀರಿ."

"ಕೆಳಗ ಇನ್ನೂ ಐತಿ ಅಂತ ನೋಡಿದವರಿಗೆ ಹೆಂಗ ತಿಳೀಬೇಕು? ಹಿಡಕೊಂಡು ಎಳಿಯಾಕ ಏನಾರ ಇರತೈತಲ್ಲ, ಅದೆಲ್ಲಿ?"

"ಅದನ್ನ ನಾನ ತಗದೇನ್ರಿ. ಚಂದ ಕಾಣಲಿ ಅಂತ."

"ಇದ್ದಿದ್ದನ್ನ ತಗಿಯಾಕ ಸಾಂಗ್ಲಿಯಾಗ ಖೋಲಿ ಹಿಡದಿಯೇನು?"

ನಾನು ಪರದೆ ನೋಡಿದೆ. ಮೇಲಿನ ಹುಡುಗನ ನಾಲ್ಕು ಸಾಲು, ನಂಬರ್. ಕೆಳಗಿನ ಹುಡುಗನ ನಾಲ್ಕು ಸಾಲು, ನಂಬರ್. ನಡುವೆ ನನ್ನ ಪೆಟ್ಟಿಗೆ, ಟ್ರಾಲಿ ರಿವರ್ಸ್ ಹಾಕುವಲ್ಲಿಗೆ ಪೂರ್ಣವಿರಾಮ. ನೂರು ಸಲ ನೋಡಿದ್ದೆ. ಕೆಳಗೇನಿದೆ ಅಂತ ನನಗೆ ಗೊತ್ತಿತ್ತಲ್ಲ, ಕಾಣುತ್ತಿಲ್ಲ ಅಂತ ಹೊಳೆದೇ ಇರಲಿಲ್ಲ.

"ಎಲ್ಲಾ ಹುಡುಗರೂ ನಂಬರ ಕೊಟ್ಟಾರ, ಇಂವಾ ಒಬ್ಬನ ಕೊಟ್ಟಿಲ್ಲ," ಅಂದರು ಕಾಕಾ. "ಬಸದಿಯಾಗ ಮಂದಿ ಏನ ಮಾತಾಡಾಕತ್ಯಾರ ಗೊತ್ತೇನು?"

"ಏನ್ರಿ?"

"ಹುಡುಗ ವೈರಾಗ್ಯಕ್ಕ ಬಿದ್ದಾನ, ಫೋನ್ ಸುದ್ದಾ ಬಿಟ್ಟಾನ ಅಂತ. ಮನ್ನೆ ಇಬ್ಬರು ಹಿರೇರು ಮನೀಗೆ ಬಂದು ನಿಮ್ಮವ್ವಗ ಕೈ ಮುಗದು, ದೀಕ್ಷಾ ಯಾವಾಗ ಅಂತ ಕೇಳಿ ಹೋದ್ರು!"

ಕಡೆಯ ಅಂಕಿ

ಕಾಕಾ ಬಸ್ ಹಿಡಿದರು. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ಬಾಳಿನಲ್ಲೇ ಮೊದಲ ಸಲ ಒಂದು ಸ್ಕ್ರಾಲ್‌ಬಾರನ್ನು ಕೈಯಾರೆ ವಾಪಸ್ ತಂದೆ. ದಪ್ಪದ್ದು, ಬೂದಿ ಬಣ್ಣದ್ದು, ದೂರದಿಂದಲೇ ಕಾಣುವಂಥದ್ದು. ಸಿಟ್ಟಿನಲ್ಲಿ ಅಳತೆ ನೋಡಲಿಲ್ಲ. ನನ್ನ ಪೆಟ್ಟಿಗೆ ಆ ಪಟ್ಟಿಯಷ್ಟು ಅಗಲವಾಯಿತು. ನನ್ನದಾಯಿತಲ್ಲ ಅಂತ ಬಿಟ್ಟೆ.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಊಟಕ್ಕೆ ಹೊರಡುವ ಹೊತ್ತಿಗೆ ಫೋನ್ ಬಂತು. ಆ ಮೆತ್ತಗಿನ ದನಿ ತೆಗೆಯುವುದನ್ನು ಎಂದೋ ಬಿಟ್ಟಿದ್ದೆ.

"ಹೇಳ್ರಿ ಡಾಕ್ಟರ್, ಮತ್ತ ಯಾವ ಚುಕ್ಕಿ?"

"ಚುಕ್ಕಿ ಅಲ್ರಿ, ಅಂಕಿ," ಅಂತು ಒಂದು ಹುಡುಗಿಯ ದನಿ.

ನಾನು ಎದ್ದು ನಿಂತೆ. ಆಕೆ ಸಾಂಗ್ಲಿ ಪಕ್ಕದ ಮಾಧವನಗರದವಳು, ಅಲ್ಲಿಯ ಒಂದು ಗಿರಣಿಯ ಆಫೀಸಿನಲ್ಲಿ ಕೆಲಸ. ಮರಾಠಿಯಲ್ಲಿ ಶುರು ಮಾಡಿ, ನಾನು ಕನ್ನಡದವನೆಂದು ತಿಳಿದು, "ನನಗ ಕನ್ನಡ ಪೂರಾ ತಿಳೀತೈತಿ, ಮಾತಾಡೂದು ಜರಾ ಮೋಡಕಂ-ತೋಡಕಂ, ಹರಕು-ಮುರುಕು," ಅಂದಳು.

"ಭಾಳ ಚಂದ ಮಾತಾಡತೀರಿ," ಅಂದೆ.

"ತೇ ರಾಹೂ ದ್ಯಾ, ಅದು ಇರಲಿ. ನಿಮ್ಮ ಪೆಟ್ಟಿಗಿ ಬಾಜೂಕ ನಂದು ಐತಿ. ನಿಮಗ ಅದೊಂದು ಜಾಡ, ದಪ್ಪ ಪಟ್ಟಿ ಬಂದಾಗಿಂದ ನಂದು ಆ ಕಡೆ ಸರದೈತಿ. ನಮ್ಮಪ್ಪನ ನಂಬರಿನ ಕಡೀ ಅಂಕಿ ಕಾಣವಲ್ದು. ಯಾರ ಫೋನೂ ಬರವಲ್ದು ಅಂತ ಅಪ್ಪ ಹೊಸಾ ಚಾರ್ಜರ್ ತಂದಾರ."

ನಗು ಬಂತು. ಆಕೆಗೂ ಬಂತು. ಖೋಲಿಯಲ್ಲಿ ಇಬ್ಬರ ನಗು ಕೇಳಿಸಿದ್ದು ಅದೇ ಮೊದಲು.

"ಲಗೂನ ಸರಿ ಮಾಡ್ರಿ," ಅಂದಳು. "ನೀವ ಬರಕೊಂಡೀರಲ್ಲ, ಎಂಥಾ ಪೇಜಾದ್ರೂ ಐದು ಮಿನಿಟ ಅಂತ."

"ಅದನ್ನ ಓದೀರೇನ್ರಿ?"

"ಶೇವಟಪರ್ಯಂತ, ಕಡೀತನಕಾ ಓದೇನಿ. ಎಳದು ಎಳದು ಬೆರಳ ನೋಯಾಕತ್ತಿತು."

"ಕಡೀ ಸಾಲು?"

"ಒಬ್ಬನ ಕುಂತು ಉಣ್ಣೂದು ಸೇರೂದಿಲ್ಲ. ಅದಲ್ಲ?" ಅಂದವಳೇ ಸೇರಿಸಿದಳು: "ಮ್ಯಾಲಿಂದೆಲ್ಲಾ ಬಿಟ್ಟು ಅದೊಂದ ಬರದಿದ್ರ ಪೆಟ್ಟಿಗ್ಯಾಗ ಹಿಡೀತಿತ್ತು. ನಂಬರೂ ಕಾಣತಿತ್ತು."

ನಾನು ಕಿಡಕಿಯ ಕಡೆ ತಿರುಗಿದೆ. ಕಿಡಕಿಯ ಹೊರಗೆ ಬಿಸಿಲು ಗೋಡೆಯ ತುದಿಗೆ ಏರಿತ್ತು. ಆ ಕಡೆ ತಾಟಿನ ಸದ್ದು ಕೇಳಿಸಿತು.

"ಉಣ್ಣಾಕತ್ತೀರೇನು?"

"ಹೂಂ. ಹೊತ್ತು ಮುಳುಗತೈತಲ್ಲ. ಆಫೀಸಿನ್ಯಾಗ ಈ ಹೊತ್ತಿಗೆ ಉಣ್ಣಾಕಿ ನಾ ಒಬ್ಬಾಕಿನ. ಹೇಳ್ರಿ, ಅಂಕಿ ಯಾವಾಗ ಬರತೈತಿ?"

ಕೆಲಸ ಒಂದೇ ಸಾಲಿನದು. ಬೆರಳು ಕೀಬೋರ್ಡಿನ ಮೇಲೇ ಇತ್ತು. ಮ್ಹೈಸಾಳದ ಮಾನ, ನನ್ನ ಹೆಸರು, ಐದು ಮಿನಿಟಿನ ಮಾತು, ಎಲ್ಲವನ್ನೂ ಒಮ್ಮೆ ನೆನೆದು ಬದಿಗೆ ಸರಿಸಿದೆ.

"ಭಾಳ ದೊಡ್ಡ ಕೆಲಸ ಐತ್ರಿ," ಅಂದೆ. "ಎಂಟ-ಹತ್ತ ದಿನಾ ಹಿಡೀತೈತಿ. ದಿನಾ ಇದ ಹೊತ್ತಿಗೆ ಫೋನ್ ಮಾಡಿ, ಅಂಕಿ ಬಂತೋ ಇಲ್ಲೋ ಅಂತ ಕೇಳ್ಕೊಂತ ಇರಬೇಕಾಗತೈತಿ."

ಆಕೆ ಬಾಯಲ್ಲಿದ್ದ ತುತ್ತು ಅಗಿದು ನುಂಗಿದಳು.

"ಆತು," ಅಂದಳು. "ಆದ್ರ ಅಲ್ಲೀತನಕಾ ನಮ್ಮಪ್ಪ ತರೂ ಚಾರ್ಜರಿನ ರೊಕ್ಕಾ ನೀವ ಕೊಡಬೇಕು."